ಭಾವನ ಡ್ಯೂಟಿ ಪಟ್ಟಿ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ‘ನಾದಿನಿ’ ಎಂದೇ ಕರೆಯುತ್ತಿದ್ದರು. ಡ್ಯೂಟಿ ವಿಭಾಗದ ಸೂಪರ್‌ವೈಸರ್ ಅವಳ ಅಕ್ಕನ ಗಂಡ. ಕೆಲಸ ಕೊಡಿಸಿದ್ದೂ ಅವನೇ, ಅದನ್ನು ಎತ್ತಿ ಆಡುತ್ತಿದ್ದವನೂ ಅವನೇ. ಮೊದಲ ದಿನವೇ ಕಟ್ಟಪ್ಪಣೆಯಾಗಿತ್ತು: “ಇಲ್ಲಿ ಭಾವ ಗೀವ ಎಲ್ಲ ಬೇಡ. ಸರ್ ಅನ್ನು.”

ಯಾವ ಡ್ರೈವರ್‌ಗೆ ಯಾವ ಬಸ್ಸು, ಯಾವ ಪಾಳಿ, ಯಾರಿಗೆ ರಜೆ ಎಂಬ ವಾರದ ಪಟ್ಟಿ ಡಿಪೋಗೆ ದೊಡ್ಡ ತಲೆನೋವು. ನಾದಿನಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಅದಕ್ಕೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದಳು. ಬಟನ್ ಒತ್ತಿದರೆ ಸಾಕು, ಅದು ತಾನೇ ಎಕ್ಸೆಲ್ ತೆರೆದು, ರಜೆ ಅರ್ಜಿಗಳನ್ನು ನೋಡಿ, ಸೆಲ್ಲುಗಳನ್ನು ತುಂಬಿ, ಫೈಲನ್ನು ಉಳಿಸಿ ಮುಚ್ಚುತ್ತಿತ್ತು. ಎಲ್ಲವೂ ತೆರೆಮರೆಯಲ್ಲಿ, ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಬೇಗ ಮುಗಿಯಲೆಂದು ಹಾಗೆ ಬರೆದವಳು ಅವಳೇ. ಆ ಜಾಣತನವೇ ಅವಳಿಗೆ ಮುಳುವಾಯಿತು.

ಪ್ರತಿ ಶನಿವಾರ ಭಾವ ಬಾಗಿಲು ಹಾಕಿಕೊಂಡು ಬಟನ್ ಒತ್ತುತ್ತಿದ್ದ. ಆರಾಮವಾಗಿ ಚಹಾ ಕುಡಿದು, ಕೂದಲು ಕೆದರಿಕೊಂಡು, ಕಣ್ಣುಜ್ಜುತ್ತಾ ಹೊರಬರುತ್ತಿದ್ದ. “ಅಬ್ಬಬ್ಬಾ, ತಲೆ ಸಿಡೀತಿದೆ!” ಡ್ರೈವರ್‌ಗಳು ಅಯ್ಯೋ ಪಾಪ ಎನ್ನುತ್ತಿದ್ದರು. ಮನೆಯಲ್ಲಿ ಅಕ್ಕ ಅವನ ಹಣೆ ಒತ್ತುತ್ತಿದ್ದಳು, ಆ ಕಳ್ಳ ಹಣೆಯನ್ನು!

“ನನ್ನ ಹೆಸರನ್ನೂ ಒಂದು ಮಾತು ಹೇಳಿ ಸರ್,” ಎಂದು ನಾದಿನಿ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು.

ಅವನು ಹೊಟ್ಟೆ ಕುಣಿಸಿ ನಕ್ಕ. “ಒಂದು ಬಟನ್ ಒತ್ತೋ ಕೆಲಸ. ಅದಕ್ಕೆ ಹೆಸರು ಬೇರೆ ಕೇಡು!”

ಇಂಥ ಮಾತನ್ನು ನುಂಗಿಕೊಂಡು ಸುಮ್ಮನಾಗುವವರಿದ್ದಾರೆ. ಇವಳು ಆ ಪೈಕಿಯಲ್ಲ. ಹಲ್ಲು ಕಚ್ಚಿ ಕಾದಳು.

ಹೊಸ ಮ್ಯಾನೇಜರಮ್ಮ ಬಂದರು. ಎಲ್ಲ ಡಿಪೋಗಳ ಪಟ್ಟಿಗೆಂದೇ ಹೊಸ ವಿಭಾಗ ತೆರೆಯುತ್ತದೆ, ಇಲ್ಲಿ ಪಟ್ಟಿ ಮಾಡುವವರೇ ಅದರ ಮುಖ್ಯಸ್ಥರು ಎಂದರು. “ಶನಿವಾರ ನೀವು ಹೇಗೆ ಮಾಡ್ತೀರಿ ಅಂತ ಪಕ್ಕದಲ್ಲೇ ಕೂತು ನೋಡ್ತೀನಿ,” ಎಂದು ಭಾವನಿಗೆ ಹೇಳಿದರು. ಭಾವ ಹೆದರಲಿಲ್ಲ. ಹಳೆಯ ಪಟ್ಟಿ ತೆರೆದಿಟ್ಟು ಅಲ್ಲಿ ಇಲ್ಲಿ ತಿದ್ದುವ ನಾಟಕವಾಡಿದರಾಯಿತು, ಅಷ್ಟರಲ್ಲಿ ಮರೆಯಲ್ಲಿ ಹೊಸದು ಸಿದ್ಧವಾಗಿರುತ್ತದೆ ಎಂದುಕೊಂಡ.

ಆ ಕುರ್ಚಿ ತನ್ನದು, ಅದನ್ನೂ ಇವನು ನುಂಗುತ್ತಾನೆ ಎಂದು ನಾದಿನಿಯ ಹೊಟ್ಟೆ ಉರಿಯಿತು. ಶುಕ್ರವಾರ ಸಂಜೆ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಪದ ಬದಲಾಯಿಸಿದಳು. ಇನ್ನು ಎಕ್ಸೆಲ್ ಮರೆಯಲ್ಲಿ ಅಲ್ಲ, ಎಲ್ಲರ ಕಣ್ಣೆದುರೇ ದುಡಿಯಬೇಕು. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ಮರುದಿನ ಭಾವ ಮೆಲ್ಲನೆ ಬಟನ್ ಒತ್ತಿ, ಗಲ್ಲಕ್ಕೆ ಕೈಕೊಟ್ಟು, ಭಾರಿ ಯೋಚನೆಯಲ್ಲಿರುವವನಂತೆ ಕೂತ. ಹೊಸ ಹಾಳೆಯೊಂದು ಧುತ್ತೆಂದು ಎದುರಿಗೆ ಬಂತು. ಡ್ರೈವರ್‌ಗಳ ಹೆಸರುಗಳು ತಾವಾಗಿಯೇ ಒಂದರ ಕೆಳಗೊಂದು ಬಂದು ಕೂರತೊಡಗಿದವು. ಅವನ ಕೈ ಇನ್ನೂ ಗಲ್ಲದ ಮೇಲೆಯೇ ಇತ್ತು. ಮ್ಯಾನೇಜರಮ್ಮ ಕೀಬೋರ್ಡ್ ನೋಡಿದರು, ಅವನ ಮುಖ ನೋಡಿದರು. ಗಾಬರಿಬಿದ್ದ ಭಾವ ಒಂದು ಸೆಲ್ಲಿನೊಳಗೆ ಕ್ಲಿಕ್ಕಿಸಿ ಏನೇನೋ ಟೈಪ್ ಮಾಡತೊಡಗಿದ. ಹಾಗೆ ನಡುವೆ ಕೈ ಹಾಕಿದರೆ ಎಕ್ಸೆಲ್ ಸ್ಕ್ರಿಪ್ಟಿನ ಮಾತು ಕೇಳುವುದಿಲ್ಲ. ಅಷ್ಟೂ ಅವನಿಗೆ ಗೊತ್ತಿರಲಿಲ್ಲ. ಪಟ್ಟಿ ಅರ್ಧಕ್ಕೇ ನಿಂತಿತು.

“ಮುಂದುವರಿಸಿ,” ಎಂದರು ಮ್ಯಾನೇಜರಮ್ಮ.

ಭಾವ ಬೆವತುಹೋದ. ಬಾಗಿಲ ಬಳಿ ನಿಂತಿದ್ದ ನಾದಿನಿಯತ್ತ ತಿರುಗಿ ಪಿಸುಗುಟ್ಟಿದ: “ಸ್ವಲ್ಪ ನೋಡಮ್ಮ. ನಿಮ್ಮಕ್ಕನ ಮುಖ ನೋಡಿಯಾದ್ರೂ...”

ಅವಳಿಗಾದ ಖುಷಿ ಹೇಳತೀರದು. ಇಡೀ ಆಫೀಸಿಗೆ ಕೇಳುವಂತೆ ಹೇಳಿದಳು: “ಒಂದು ಬಟನ್ ಒತ್ತೋ ಕೆಲಸ ಅಲ್ವಾ? ಒತ್ತಿ ಭಾವ!”

ಆಮೇಲೆ ತಾನೇ ಹೋಗಿ, ಅವನನ್ನು ಎಬ್ಬಿಸಿ, ಕೂತು ಪಟ್ಟಿ ಮುಗಿಸಿದಳು.

ಹೊಸ ವಿಭಾಗದ ಕುರ್ಚಿ ಅವಳಿಗೆ ಬಂತು. ಅಕ್ಕ ಮಾತು ಬಿಟ್ಟಳು. ಅದೊಂದು ನೋವು ಒಳಗೆ ಉಳಿಯಿತು, ಭಾವನ ಮೇಲೆ ಮಾತ್ರ ಎಳ್ಳಷ್ಟೂ ಮರುಕ ಹುಟ್ಟಲಿಲ್ಲ. ಮೊದಲ ವಾರವೇ ಅವನ ಫೋನ್ ಬಂತು.

“ಏನಮ್ಮ, ನಮ್ಮ ಡಿಪೋ ಪಟ್ಟಿ ಇನ್ನೂ ಬಂದಿಲ್ಲ?”

“ಇಲ್ಲಿ ಅಮ್ಮ ಗಿಮ್ಮ ಎಲ್ಲ ಬೇಡ,” ಎಂದಳು ನಾದಿನಿ. “ಮೇಡಂ ಅನ್ನಿ.”