ಥೋರಾಳ ಗಾಡಿಗೆ ನಾನು ಮಾಡಿದ ಉಪಕಾರ

ಥೋರಾ ಲಿಂಡ್ವಿಕ್ ಇದು ನಡೆದಾಗ ನಮ್ಮ ಕಣಿವೆಯಲ್ಲಿ ಹತ್ತೊಂಬತ್ತು ವರ್ಷದಿಂದ ಟಪಾಲು ಹಂಚುತ್ತಿದ್ದಳು. ದಿನಕ್ಕೆ ಅರವತ್ತು ಮೈಲಿ, ವಾರಕ್ಕೆ ಆರು ದಿನ. ಮೊಂಟಾನಾದ ಚಳಿಗಾಲದಲ್ಲಿ ಇದೇನು ಆಟವಲ್ಲ. ಗಂಡಸರು ಒಲೆ ಮುಂದೆ ಕೂತು ಹವಾಮಾನವನ್ನು ಬೈಯುತ್ತಿದ್ದಾಗ ಇವಳು ಅವರ ಔಷಧಿ, ಟ್ರ್ಯಾಕ್ಟರಿನ ಬೆಲ್ಟು, ಮಗಳ ಕಾಗದ ಎಲ್ಲವನ್ನೂ ಬಾಗಿಲಿಗೆ ತಂದುಕೊಡುತ್ತಿದ್ದಳು. ಒಂದೇ ಒಂದು ದಿನ ತಪ್ಪಿಸಿದ್ದು ನನಗೆ ನೆನಪಿಲ್ಲ.

ಅವಳದು ಹಸಿರು ಬಣ್ಣದ ಹಳೇ ಫೋರ್ ವೀಲ್ ಪಿಕಪ್. ಅಂಥ ಗಾಡಿಗಳ ಮುಂದಿನ ಎರಡೂ ಚಕ್ರಗಳಿಗೆ ಹೊರಮೈಯ ನಟ್ಟನಡುವೆ ಒಂದೊಂದು ತಿರುಪು ಇರುತ್ತದೆ. ಹಿಮಕ್ಕೆ ಹೋಗುವ ಮೊದಲು ಕೆಳಗಿಳಿದು ಎರಡನ್ನೂ ಕೈಯಾರೆ ತಿರುಗಿಸಿ ಚಕ್ರಗಳನ್ನು ಅಚ್ಚಿಗೆ ಜೋಡಿಸಬೇಕು; ಅದಕ್ಕೇ ನಾವು ಬೀಗ ಹಾಕುವುದು ಅನ್ನುತ್ತೇವೆ. ಮರೆತರೆ ಒಳಗೆ ಕೂತು ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರ್ ಎಷ್ಟು ಎಳೆದರೂ ಅಷ್ಟೇ, ಮುಂದಿನ ಚಕ್ರಗಳಿಗೆ ಬಲವೇ ಹೋಗುವುದಿಲ್ಲ. ಟಾರು ರಸ್ತೆಗೆ ಬಂದಮೇಲೆ ಮತ್ತೆ ಇಳಿದು ಬಿಚ್ಚುವುದು ನಮ್ಮೆಲ್ಲರ ಪದ್ಧತಿ. ಇಲ್ಲದಿದ್ದರೆ ಸುಮ್ಮನೆ ಪೆಟ್ರೋಲು ದಂಡ. ಥೋರಾ ಮಾತ್ರ ಅಕ್ಟೋಬರಿನ ಮೊದಲ ಹಿಮಕ್ಕೆ ಹಾಕಿದ ಬೀಗವನ್ನು ಏಪ್ರಿಲ್‌ವರೆಗೆ ಮುಟ್ಟುತ್ತಿರಲಿಲ್ಲ.

"ಏನೇ ಮಾರಾಯ್ತಿ, ಪೆಟ್ರೋಲು ನಿಮ್ಮಪ್ಪನ ಮನೆ ಬಾವೀಲಿ ಬರುತ್ತಾ?" ಅಂತ ನಾನು ಕಿಚಾಯಿಸುತ್ತಿದ್ದೆ. ಊರಿನ ಪೆಟ್ರೋಲು ಬಂಕು, ಪಂಕ್ಚರ್ ಅಂಗಡಿ ಎರಡೂ ನನ್ನವೇ.

"ಮಾರೋನಿಗೇನೋ ಹೊಟ್ಟೆನೋವು ವೆಂಡೆಲ್? ಮಂಡಿಯೂರೋದು ಚರ್ಚಲ್ಲಿ ಸಾಕು ನಂಗೆ. ಹಿಮದಲ್ಲಿ ಬೇರೆ ಊರಬೇಕಾ?" ಅನ್ನುತ್ತಿದ್ದಳು.

ಎಂಬತ್ತೊಂದರ ಫೆಬ್ರವರಿ. ವಾರದಿಂದ ಬಿಸಿಲು ಕಾದು ರಸ್ತೆ ಒಣಗಿತ್ತು. ಮಂಗಳವಾರ ಮಧ್ಯಾಹ್ನ ಟಪಾಲು ಮುಗಿಸಿ ಬಂದವಳು ಮುಂದಿನ ಚಕ್ರದ ಪಂಕ್ಚರ್ ಹಾಕಿಸಲು ಗಾಡಿ ಬಿಟ್ಟು ಅಂಗಡಿಗೆ ಸಾಮಾನು ತರಲು ಹೋದಳು. ಚಕ್ರ ಸರಿಮಾಡಿ ಹಾಕಿದೆ. ಬೀಗ ಹಾಗೇ ಇತ್ತು. ನಮ್ಮಲ್ಲಿ ಇನ್ನೊಬ್ಬರ ಗಾಡಿ ಕೈಗೆ ಬಂದರೆ ಒಣ ರಸ್ತೆಯಲ್ಲಿ ಬೀಗ ಬಿಚ್ಚಿಯೇ ಒಪ್ಪಿಸುವುದು. ಇನ್ನೊಬ್ಬರ ಹೊಲದ ಗೇಟು ತೆಗೆದವನು ಮುಚ್ಚಿ ಹೋಗುವ ಹಾಗೆ ಅದೊಂದು ಮರ್ಯಾದೆ. ಎರಡೂ ತಿರುಪುಗಳನ್ನು ತಿರುಗಿಸಿ ಬಿಚ್ಚಿದೆ. ಅವಳು ಬಂದಾಗ ಹೇಳಬೇಕಿತ್ತು. ಅಷ್ಟರಲ್ಲಿ ಯಾರೋ ಡೀಸೆಲ್‌ಗೆ ಬಂದು ಹಾರನ್ ಹೊಡೆದರು. ಗಾಡಿಯ ಕೀ ಕೊಟ್ಟು ಅತ್ತ ಓಡಿದೆ. ಹಾಳಾದ ನನ್ನ ಬುದ್ಧಿ!

ಮರುದಿನ ಬೆಳಗಾಗುವುದರಲ್ಲಿ ಗಾಳಿ ಹಿಮ ಎರಡೂ ಸುರುವಾಗಿದ್ದವು. ತಿಂಡಿ ತಿನ್ನುತ್ತಿದ್ದ ಅವಳ ಗಂಡ ಎಮಿಲ್ ಎದೆ ಹಿಡಿದುಕೊಂಡ. ಥೋರಾ ಫೋನ್ ಮಾಡಿದಳು. ಆಂಬುಲೆನ್ಸಿನವರು ಹೆದ್ದಾರಿಯ ತಿರುವಿನವರೆಗೆ ಬರ್ತೀವಿ, ಅದರಿಂದಾಚೆ ಆಗಲ್ಲ ಅಂದರು. ಮನೆಯಿಂದ ಅಲ್ಲಿಗೆ ಹನ್ನೊಂದು ಮೈಲಿ. ಎಮಿಲ್‌ಗೆ ಕಂಬಳಿ ಸುತ್ತಿ ಪಕ್ಕದ ಸೀಟಲ್ಲಿ ಕೂರಿಸಿಕೊಂಡು ಹೊರಟಳು.

ಅರ್ಧ ದಾರಿಯ ಏರಿನಲ್ಲಿ ಗಾಳಿ ಹಿಮವನ್ನು ಮಂಡಿಯೆತ್ತರ ಒಟ್ಟಿತ್ತು. ಲಿವರ್ ಎಳೆದಳು. ಹಿಂದಿನ ಚಕ್ರಗಳು ಗರಗರ ತಿರುಗಿದವು, ಗಾಡಿ ಅಡ್ಡಕ್ಕೆ ಜಾರಿ ಹೂತುಕೊಂಡಿತು. ಇಳಿದು ಸಲಿಕೆಯಿಂದ ತೋಡಿದಳು, ಹತ್ತಿದಳು, ಮತ್ತೆ ಜಾರಿತು. ಮೂರು ಸಲ ಹೀಗಾಯಿತು. ತಿರುಪು ನೋಡಬೇಕೆಂದು ಅವಳಿಗೆ ತೋಚಲೇ ಇಲ್ಲ. ಅಕ್ಟೋಬರಿನಿಂದ ಹಾಕಿಯೇ ಇರುವ ಬೀಗವನ್ನು ಯಾರು ನೋಡುತ್ತಾರೆ? ನಾಲ್ಕನೇ ಸಲ ಎಡಚಕ್ರದ ಹಿಮ ಕೆರೆಯುವಾಗ ಬೀಗ ಬಿಚ್ಚಿರುವುದು ಕಂಡಿತು. ಅಷ್ಟರಲ್ಲಿ ಎರಡೂ ತಿರುಪುಗಳು ಮಂಜುಗಟ್ಟಿದ್ದವು. ಸ್ಪ್ಯಾನರಿನಿಂದ ಕುಟ್ಟಿ ಕುಟ್ಟಿ ತಿರುಗಿಸಿದಳು. ಆಮೇಲೆ ಗಾಡಿ ಒಂದೇ ಉಸಿರಿಗೆ ಏರು ಹತ್ತಿತು.

ಏರಿನಲ್ಲೇ ಮುಕ್ಕಾಲು ಗಂಟೆ ಹೋಗಿತ್ತು. ತಿರುವು ಎರಡು ಮೈಲಿ ಇದೆ ಅನ್ನುವಾಗ ಎಮಿಲ್ ಹೋಗಿಬಿಟ್ಟ. ಸ್ವಲ್ಪ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಅಂತ ಆಂಬುಲೆನ್ಸಿನವನು ಅವಳ ಮುಂದೆಯೇ ಅಂದನಂತೆ.

ಮಣ್ಣು ಮುಗಿಸಿ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಸೇರಿದ್ದೆವು. ಥೋರಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ನಾನೇ ಬಿಚ್ಚಿರ್ಬೇಕು ಕಣ್ರಿ. ಯಾವಾಗ ಅಂತ ನೆನಪೇ ಆಗ್ತಿಲ್ಲ. ತಲೆ ಕೆಟ್ಟೋಗಿದೆ ನಂಗೆ." ನಾನು ಕಾಫಿ ಲೋಟ ಹಿಡಿದು ನಾಲ್ಕಡಿ ದೂರದಲ್ಲಿ ನಿಂತಿದ್ದೆ. ಈಗ ಹೇಳ್ತೀನಿ, ಊಟವಾದಮೇಲೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದುಕೊಂಡೇ ಮನೆಗೆ ಬಂದೆ. ಹೇಡಿ, ಇನ್ನೇನು! ಆಮೇಲೆ ಅವಳು ಬಂಕಿಗೆ ಬಂದಾಗಲೆಲ್ಲ ಹವಾಮಾನದ ಮಾತಾಡಿದೆ.

ಮೇ ತಿಂಗಳಲ್ಲಿ ಗಾಡಿ ತಂದು ನಿಲ್ಲಿಸಿ ಅದರ ಕೀ ನನ್ನ ಮೇಜಿನ ಮೇಲಿಟ್ಟಳು.

"ಮಾರಿಕೊಡು ವೆಂಡೆಲ್. ಟಪಾಲು ಬಿಟ್ಟೆ."

"ಯಾಕೇ?"

"ಗಂಡನ್ನ ಕೊಂದ ಕೈ ಇದು. ನಾಳೆ ಇನ್ನಾರ ಔಷಧಿ ಎಲ್ಲಿ ಮರೆತು ಬರುತ್ತೋ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ."

ಆಗ ಬಾಯಿ ಬಿಟ್ಟೆ. ಪಂಕ್ಚರ್, ಒಣ ರಸ್ತೆ, ಹಾರನ್ನು ಎಲ್ಲ ಹೇಳಿದೆ. ಅವಳು ಬೈಯಲಿ, ಕೆನ್ನೆಗೆ ಹೊಡೆಯಲಿ ಅಂತ ಕಾದು ನಿಂತೆ. ಅವಳು ಸ್ಟೂಲು ಎಳೆದು ಕೂತಳು.

"ಬಿಚ್ಚಿದ್ದಕ್ಕೆ ನಾನೇನೂ ಅನ್ನಲ್ಲ. ನಿನ್ನ ಗಾಡಿ ಆಗಿದ್ರೆ ನಾನೂ ಬಿಚ್ಚೇ ಕೊಡ್ತಿದ್ದೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆದ್ರೆ ಮೂರು ತಿಂಗಳಿಂದ ಅವನ ಸಮಾಧಿ ಹತ್ರ ಕೂತು ತಪ್ಪಾಯ್ತು ಅಂತ ಬೇಡ್ಕೊಳ್ತಾ ಇದೀನಲ್ಲೋ. ದಿನಾ ನಿನ್ನ ಬಂಕಿನ ಮುಂದೇ ಹೋಗ್ತಿದ್ದೆ. ನೀನು ನೋಡ್ತಿದ್ದೆ ತಾನೇ?"

"ನೋಡ್ತಿದ್ದೆ," ಅಂದೆ.

ಅವಳು ಕೀ ವಾಪಸ್ ತಗೊಂಡು ಹೋದಳು. ಮರುವಾರದಿಂದ ಮತ್ತೆ ಟಪಾಲಿಗೆ ಹೊರಟಳು. ನನ್ನ ಕಾಗದಗಳು ಈಗಲೂ ಹೊತ್ತಿಗೆ ಸರಿಯಾಗಿ ಡಬ್ಬಿಗೆ ಬೀಳುತ್ತವೆ. ಪೆಟ್ರೋಲಿಗೆ ಮಾತ್ರ ಮೂವತ್ತು ಮೈಲಿ ದೂರದ ಊರಿಗೆ ಹೋಗುತ್ತಾಳೆ.