ಒಂದು ಒತ್ತಕ್ಷರ

ಎಗ್ಮೋರಿನ ನಮ್ಮ ಆಫೀಸಿನಲ್ಲಿ ಆಸ್ಪತ್ರೆಯ ದಾಖಲೆಗಳನ್ನು ಸಾಫ್ಟ್‌ವೇರ್ ತಾನೇ ನೋಡಿಕೊಳ್ಳುತ್ತಿತ್ತು. ಏನನ್ನಾದರೂ ಅಳಿಸಬೇಕಾಗಿ ಬಂದರೆ ಮಾತ್ರ ನಿಂತು, ಮನುಷ್ಯರ ಒಪ್ಪಿಗೆ ಕೇಳುತ್ತಿತ್ತು. ಕೇಳುತ್ತಿದ್ದುದು ನನ್ನನ್ನಲ್ಲ, ಪಕ್ಕದ ಸೀಟಿನವಳನ್ನು. ಇಬ್ಬರದೂ ಒಂದೇ ಹುದ್ದೆ.

ಅವಳದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡ ಮನೆತನ. ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಎರಡೆರಡು ಸಲ ಓದಿ, "ಆಗಲಮ್ಮ" ಎಂದೋ "ಆಗಲ್ಲಮ್ಮ" ಎಂದೋ ಕಂಪ್ಯೂಟರಿಗೇ ಹೇಳಿ ಗುಂಡಿ ಒತ್ತುವಳು. ಆಫೀಸಿನ ತಮಿಳರೆಲ್ಲ ಆ ಎರಡು ಮಾತು ಕಲಿತಿದ್ದರು. ಮೈಸೂರಿನಿಂದ ಬಂದ ನನ್ನ ಅಚ್ಚ ಕನ್ನಡದ ಒಂದು ಪದವೂ ಯಾರಿಗೂ ಬೇಕಾಗಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ಅವಳು ರಜೆ ಹಾಕಿದ ದಿನ ಕೋರಿಕೆ ಮೊದಲ ಸಲ ನನ್ನ ಪರದೆಗೆ ಬಂತು. ಒಂದೇ ಹೆಸರಿನ ಎರಡು ದಾಖಲೆಗಳಿವೆ, ಹಳೆಯದನ್ನು ಅಳಿಸಲೇ? ಅವಳಿಗೆ ಫೋನ್ ಮಾಡಿ ಅದನ್ನು ಓದಿ ಹೇಳಿದೆ.

"ಕೋವಿಲಲ್ಲಿದ್ದೀನಿ. ಅದು ಆಗಲ್ಲಮ್ಮ," ಎಂದು ಫೋನ್ ಇಟ್ಟಳು.

ನಾನು ಒಪ್ಪಿಗೆ ಒತ್ತಿದೆ. ಆ ಹೆಸರಿನವರು ಇಬ್ಬರಿದ್ದರು. ಒಬ್ಬ ಮುದುಕರ ಚಿಕಿತ್ಸೆಯ ವಿವರವೆಲ್ಲ ಅಳಿಸಿಹೋಯಿತು.

ಮರುದಿನ ಮ್ಯಾನೇಜರ್ ಕೇಳಿದಾಗ, "ದೇವಸ್ಥಾನದ ಗಂಟೆ ಸದ್ದಿಗೆ 'ಆಗಲಮ್ಮ' ಅಂತ ಕೇಳಿಸ್ತು ಸರ್," ಎಂದೆ.

ಅವಳು ಕನ್ನಡಕವನ್ನು ಹಣೆಗೇರಿಸಿ ನನ್ನ ಮುಖವನ್ನು ಎರಡು ಸಲ ನೋಡಿದಳು. "ತಪ್ಪು ನಂದೇ ಸಾರ್. ಎರಡೂ ಒಂದೇ ಮಾದ್ರಿ ಕೇಳತ್ತೆ," ಎಂದಳು.

ಅಂದಿನಿಂದ ಅವಳು ಆ ಮಾತು ಬಿಟ್ಟು, "ಬೇಡ" ಎಂದು ಬಿಡಿಸಿ ಹೇಳತೊಡಗಿದಳು. ತಮಿಳರು ಅದನ್ನೂ ಕಲಿತರು.

ಫೋನಿನಲ್ಲಿ ಗಂಟೆಯ ಸದ್ದೇ ಇರಲಿಲ್ಲ.