ಗುಬ್ಬಿ ಕ್ಯಾಸೆಟ್ಟಿಗೆ ಹತ್ತು ಬೀಜ

ಆಗ ಹಾಡು ಕೇಳಬೇಕೆಂದರೆ ಸರದಿ ಕಾಯಬೇಕಿತ್ತು. ಇಡೀ ಮನೆಗೆ ಒಂದೇ ಟೇಪ್ ರೆಕಾರ್ಡರ್. ಅದರ ಮೇಲೆ ಆಯಿ, ಅಂದರೆ ನಮ್ಮ ಅಜ್ಜಿ, ಹೆಣೆದ ಬಿಳಿ ಮುಸುಕು. ಮುಸುಕು ತೆಗೆದರೆ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ, ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಹಾಡಿಗೆ ಮೊದಲು ಒಂದು ಸುಸ್ಸೆನ್ನುವ ಸದ್ದು. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ನಮ್ಮ ಮನೆಯ ಹಿಂದೆ ಇನ್ನೂ ಹೊಲಗಳಿದ್ದ ತೊಂಬತ್ತರ ದಶಕದ ಮಾತಿದು. ಸಿಹಿ ನೆನಪು ಎಂದುಕೊಂಡು ಓದಬೇಡಿ. ಇದು ಸೇಡಿನ ಸುದ್ದಿ, ಹೇಳಲು ಕೂತರೆ ನನಗೆ ಇವತ್ತಿಗೂ ಹುಣಸೆಕಾಯಿ ಕಂಡಂತೆ ಬಾಯಲ್ಲಿ ನೀರೂರುತ್ತದೆ.

ನಮ್ಮದು ಹತ್ತಿ ವ್ಯಾಪಾರದ ಮನೆ. ಅಪ್ಪನ ತಮ್ಮ ಶಿವು ಕಾಕಾ ವ್ಯಾಪಾರಕ್ಕೆಂದು ಮುಂಬೈಗೆ ಹೋಗಿಬರುತ್ತಿದ್ದ. ಅಲ್ಲಿ ಅವನ ಗೆಳೆಯನೊಬ್ಬನ ಹತ್ತಿರ ಇಂಗ್ಲೆಂಡಿನ ಒಂದು ಹಳೆಯ ರಾಕ್ ಬ್ಯಾಂಡಿನ ಗ್ರಾಮಫೋನ್ ತಟ್ಟೆಗಳಿದ್ದವು. ಕಾಕಾ ಅವನ್ನು ಖಾಲಿ ಕ್ಯಾಸೆಟ್ಟುಗಳಿಗೆ ತುಂಬಿಸಿಕೊಂಡು ಬಂದಿದ್ದ. ಒಟ್ಟು ಏಳು. ಉದ್ದುದ್ದ ಇಂಗ್ಲಿಷ್ ಹೆಸರು ಬರೆಯುವ ತಾಳ್ಮೆ ಅವನಿಗಿರಲಿಲ್ಲ. ತಟ್ಟೆಯ ಹೊದಿಕೆಯ ಮೇಲಿದ್ದ ಚಿತ್ರವನ್ನೇ ಬಾಲ್‌ಪೆನ್ನಿನಲ್ಲಿ ಬಿಡಿಸಿ ಡಬ್ಬಿಯೊಳಗೆ ಸಿಕ್ಕಿಸಿದ್ದ. ಹೀಗಾಗಿ ನಮಗೆ ಅವು ಗಡಿಯಾರ, ಕುದುರೆ, ದೋಣಿ, ಟೋಪಿ, ಸೇತುವೆ, ಕುರ್ಚಿ ಮತ್ತು ಗುಬ್ಬಿ. ಗುಬ್ಬಿ ನೋಡಲು ಕೋಳಿಮರಿಯ ಹಾಗಿತ್ತು. ಅದು ನನ್ನದು. ಅಂದರೆ ಕಾಕಾನದೇ, ಆದರೆ ಮನೆಯಲ್ಲಿ ಎಲ್ಲರೂ ಅದನ್ನು 'ಗಿರಿಜಾನ ಗುಬ್ಬಿ' ಎನ್ನುತ್ತಿದ್ದರು. ಘಂಟೆಗಳ ಸದ್ದಿನಿಂದ ಶುರುವಾಗುವ ಅದರ ಮೊದಲ ಹಾಡು ಕೇಳದೆ ನಾನು ಶಾಲೆಗೆ ಹೋದದ್ದೇ ಕಡಿಮೆ. ಇಂಗ್ಲಿಷು ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೂ ಎದೆ ತುಂಬಿ ಬರುತ್ತಿತ್ತು.

ನನಗೆ ಹನ್ನೆರಡು ತುಂಬಿದ ಆ ಬೇಸಿಗೆಯಲ್ಲಿ ಮಠದಲ್ಲಿ ಸ್ವಾಮಿಗಳ ಪ್ರವಚನವಿತ್ತು. ಆಯಿಗೆ ಮೊಣಕಾಲು ನೋವು, ಹೋಗಲಾರಳು. ರೆಕಾರ್ಡ್ ಮಾಡಿಕೊಂಡು ಬಾ ಎಂದು ಕಾಕಾನಿಗೆ ಗಂಟುಬಿದ್ದಳು.

"ಖಾಲಿ ಕ್ಯಾಸೆಟ್ ಇಲ್ಲಬೇ," ಎಂದ ಕಾಕಾ.

"ಆ ಇಂಗ್ಲೀಷ್ ಒದರಾಟ ಏಳ್ ಏಳ್ ಯಾಕ ಬೇಕು? ಒಂದರ ಮ್ಯಾಲ ತುಂಬು."

ಕಾಕಾ ನಮ್ಮನ್ನು ಮಾಳಿಗೆಯ ಕೋಣೆಗೆ ಕರೆದ. ನಾನು, ತಮ್ಮ ವೀರೇಶ, ಪಕ್ಕದ ಮನೆಯ ಪರ್ವೀನ. "ಯಾವ್ದು ಛಲೋ, ಯಾವ್ದು ಅಲ್ಲ, ನೀವ ಹೇಳ್ರಿ. ಕಡೀಗೆ ಬಂದದ್ದರ ಮ್ಯಾಲ ಪ್ರವಚನ," ಎಂದ. ಆಯಿ ಹುಣಸೆಹಣ್ಣು ಬಿಡಿಸುತ್ತಿದ್ದ ಕಾಲವದು, ಬೀಜಕ್ಕೆ ಬರವಿರಲಿಲ್ಲ. ಒಬ್ಬೊಬ್ಬರಿಗೆ ಹತ್ತು ಬೀಜ. ಏಳೂ ಡಬ್ಬಿ ಸಾಲಾಗಿ ಇಟ್ಟು, ಮನಸ್ಸಿಗೆ ಬಂದ ಕಡೆ ಬೀಜ ಇಡಬೇಕು. ವೀರೇಶ ಕುದುರೆಗೆ ಐದು, ಟೋಪಿಗೆ ಎರಡು ಎಂದೆಲ್ಲ ಹಂಚಿದ. ಪರ್ವೀನ ಯಾರಿಗೂ ಬೇಜಾರಾಗದಿರಲಿ ಎಂದು ಎಲ್ಲದಕ್ಕೂ ಒಂದೊಂದು ಇಟ್ಟು, ಉಳಿದದ್ದನ್ನು ದೋಣಿಗೆ ಸುರಿದಳು. ನಾನು ಹತ್ತೂ ಬೀಜ ಗುಬ್ಬಿಗೇ ಇಟ್ಟೆ. ಕುರ್ಚಿ ಕಡೆಗೆ ಬಂತು. ಗುಬ್ಬಿ ಬದುಕಿತೆಂದು ನಾನು ಹಿಗ್ಗಿದೆ.

ಮರುದಿನ ಧಾರವಾಡದಿಂದ ಸುಧೀರ ಬಂದ. ಅವನು ನಮ್ಮ ಅತ್ತೆಯ ಮಗ, ನನಗಿಂತ ಮೂರು ವರ್ಷ ದೊಡ್ಡವನು. ಅವನಪ್ಪ ಕಾಲೇಜಿನಲ್ಲಿ ಪ್ರೊಫೆಸರು. ಧಾರವಾಡದವರಿಗೆ ಹುಬ್ಬಳ್ಳಿಯವರೆಂದರೆ ಮೊದಲಿನಿಂದಲೂ ಒಂದು ನಗು ಇದ್ದೇ ಇರುತ್ತದೆ. ಅವರದು ವಿದ್ಯೆ, ನಮ್ಮದು ತಕ್ಕಡಿ. ಆ ನಗುವನ್ನು ಸುಧೀರ ಬಸ್ಸಿನಿಂದ ಇಳಿಯುವಾಗಲೇ ಮುಖಕ್ಕೆ ಅಂಟಿಸಿಕೊಂಡು ಬಂದಿದ್ದ. ಸಾಲು ಡಬ್ಬಿ, ಬೀಜದ ಗುಡ್ಡೆ ನೋಡಿದವನೇ ಕಾಕಾನಿಗೆ ತೋರಿಸಲೆಂದು ತಂದಿದ್ದ ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆಯನ್ನು ಅಂಗಿಯ ಕಿಸೆಯಿಂದ ತೆಗೆದ. ಅದರಲ್ಲಿ ನಮ್ಮ ಬ್ಯಾಂಡಿನ ತಟ್ಟೆಗಳನ್ನೆಲ್ಲ, ಹೊದಿಕೆಯ ಚಿತ್ರಗಳ ಸಮೇತ, ಯಾರೋ ಪಂಡಿತರು ಒಂದರಿಂದ ಏಳರವರೆಗೆ ಸಾಲು ಹಚ್ಚಿದ್ದರು. ಗಡಿಯಾರ ಮೊದಲನೆಯದು. ಗುಬ್ಬಿ ಏಳನೆಯದು.

"ನೀವು ಹುಬ್ಬಳ್ಳ್ಯಾವ್ರು ಹತ್ತಿ ತೂಗೋ ಮಂದಿ," ಎಂದ ಸುಧೀರ. "ಹಾಡು ಹಿಂಗ ಬೀಜ ಇಟ್ಟು ತೂಗಾಕ ಬರೂದಿಲ್ಲ. ಅದಕ್ಕ ಕಿವಿ ಬೇಕು."

ಹೀಗೆಂದು ನನ್ನ ಹತ್ತೂ ಬೀಜಗಳನ್ನು ಕಾಲಿನಿಂದ ಸರಿಸಿದ. ಬಾಯಿಮಾತನ್ನು ನಾನು ನುಂಗಿಕೊಳ್ಳುತ್ತಿದ್ದೆನೇನೋ. ಆ ಕಾಲನ್ನು ಮಾತ್ರ ನುಂಗಲಾಗಲಿಲ್ಲ.

ಕಾಕಾ ಹಾಳೆಯನ್ನು ತಿರುವಿ ಮುರುವಿ ನೋಡಿದ. ಪ್ರೊಫೆಸರ ಮನೆಯಿಂದ ಬಂದ ಕಾಗದ, ಅದೂ ಇಂಗ್ಲಿಷು. "ತಿಳದವ್ರು ಬರದದ್ದು ಐತಿ, ಗಿರಿಜಾ," ಎಂದ ಮೆತ್ತಗೆ. "ಸೋಮವಾರ ಪ್ರವಚನ ಸುರು. ಗುಬ್ಬಿ ಕೊಟ್ಟಬಿಡು."

ಅಳು ಬಂತು, ಅಳಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ್ದ ಶಾವಿಗೆ ಕಾಯುತ್ತ ಬಿಸಿಲಲ್ಲಿ ಕೂತು, ಸುಧೀರನಿಗೆ ಏನು ಮಾಡಿದರೆ ಸಾಕಾದೀತು ಎಂದು ಲೆಕ್ಕ ಹಾಕಿದೆ. ಹಲ್ಲುಪುಡಿಯಲ್ಲಿ ಖಾರ ಬೆರೆಸುವುದು, ಚಪ್ಪಲಿಯನ್ನು ಬಾವಿಗೆ ಹಾಕುವುದು, ಎಲ್ಲ ಬಂದುಹೋದವು. ಯಾವುದೂ ಅವನ ಕಾಲಿಗೆ ಸಮವೆನಿಸಲಿಲ್ಲ.

ದಾರಿಯನ್ನು ಅವನೇ ತೋರಿಸಿದ. ಮರುದಿನ ಮಧ್ಯಾಹ್ನ ಕೆಳಗೆ ವೀರೇಶ ಕುದುರೆ ಹಚ್ಚಿದ್ದ. ಮಾವಿನಹಣ್ಣಿನ ಶೀಕರಣೆ ತಿನ್ನುತ್ತಿದ್ದ ಸುಧೀರ ಬೆರಳು ನೆಕ್ಕುತ್ತ, "ಇದ್ಯಾವ ಬ್ಯಾಂಡಲೇ? ಛಲೋ ಐತಿ," ಎಂದ.

ನನ್ನ ಕೈಯಲ್ಲಿದ್ದ ಪೂರಿ ಹಾಗೇ ನಿಂತಿತು. ಇವನು ಒಂದೂ ಕ್ಯಾಸೆಟ್ ಕೇಳಿಯೇ ಇಲ್ಲ! ಓದು ಕೆಡುತ್ತದೆ ಎಂದು ಅವರ ಮನೆಯಲ್ಲಿ ಟೇಪ್ ರೆಕಾರ್ಡರನ್ನೇ ಇಟ್ಟಿರಲಿಲ್ಲ, ಅದು ನನಗೆ ಆಗ ನೆನಪಾಯಿತು. ಅವನಿಗೆ ಗೊತ್ತಿದ್ದದ್ದು ಆ ಹಾಳೆ ಒಂದೇ. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹಸಿವಾದಾಗ ಕಾಯುವುದು ಕಷ್ಟ, ಸಿಟ್ಟು ಬಂದಾಗ ಕಾದರೆ ರುಚಿ ಹೆಚ್ಚು ಎಂಬುದನ್ನು ನಾನು ಆ ನಾಲ್ಕು ದಿನ ಕಲಿತೆ.

ಕ್ಯಾಸೆಟ್ಟುಗಳು ನೋಡಲು ಏಳೂ ಒಂದೇ, ಚಿತ್ರವಿದ್ದದ್ದು ಡಬ್ಬಿಗೆ ಮಾತ್ರ. ರವಿವಾರ ಮಧ್ಯಾಹ್ನ ಟೇಪ್ ರೆಕಾರ್ಡರನ್ನು ಮಾಳಿಗೆಯ ಕೋಣೆಗೆ ತಂದು, ಗಡಿಯಾರದ ಡಬ್ಬಿಯೊಳಗೆ ಗುಬ್ಬಿಯನ್ನು ಇಟ್ಟೆ. ವೀರೇಶನ ಬಾಯಿ ಮುಚ್ಚಿಸಲು ನನ್ನ ಪಾಲಿನ ಶೀಕರಣೆ ಹೋಯಿತು. ಪರ್ವೀನಳಿಗೆ ಲಂಚ ಬೇಕಾಗಲಿಲ್ಲ, ಅವಳ ದೋಣಿಯೂ ಹಾಳೆಯಲ್ಲಿ ಆರನೆಯದಾಗಿತ್ತು. ನಾಲ್ಕು ಗಂಟೆಗೆ ಕಾಕಾ ಚಹಾಕ್ಕೆ ಮೇಲೆ ಬರುತ್ತಾನೆ. ಅದಕ್ಕೆ ಹತ್ತು ನಿಮಿಷ ಮೊದಲು ಸುಧೀರನ ಮುಂದೆ ಕೈಕಟ್ಟಿ ನಿಂತೆ.

"ಸುಧೀರಣ್ಣ, ಗಡಿಯಾರ ಯಾಕ ಅಷ್ಟು ಛಲೋ? ನಮಗ ತಿಳೀವಲ್ದು. ಒಂದಿಷ್ಟು ತಿಳಿಸಿ ಹೇಳೋ."

ಹುಟ್ಟಿದಾಗಿನಿಂದ ನಾನು ಅವನನ್ನು ಅಣ್ಣ ಎಂದಿರಲಿಲ್ಲ. ಅನುಮಾನ ಬರಬೇಕಿತ್ತು. ಹೊಗಳಿಕೆ ಬೇಕಾದವನಿಗೆ ಅನುಮಾನ ಬರುವುದಿಲ್ಲ. ಗಡಿಯಾರದ ಡಬ್ಬಿ ತಾನೇ ತೆರೆದು, ಕ್ಯಾಸೆಟ್ ತಾನೇ ಹಚ್ಚಿ, ಅವರಪ್ಪನಂತೆ ಕಣ್ಣು ಮುಚ್ಚಿ ಕೂತ. ಘಂಟೆಗಳು ಕೇಳಿಸಿದವು.

"ಕೇಳ್ರಿ, ಕೇಳ್ರಿ," ಎಂದ ಬೆರಳೆತ್ತಿ. "ಗಡಿಯಾರದ ಘಂಟಿ! ವ್ಯಾಳ್ಯಾ ಹೋಗಾಕತ್ತೈತಿ ಅಂತ ಹೇಳಾಕತ್ತಾರ. ಇದಕ್ಕ ಪ್ರತಿಭಾ ಅಂತಾರ. ಇಂಥದ್ದು ನಿನ್ನ ಗುಬ್ಯಾಗ ಹುಡುಕಿದ್ರ ಸಿಗತೈತೇನು?"

"ಇಲ್ಲೋ ಅಣ್ಣ, ಎಲ್ಲಿ ಸಿಗಬೇಕು," ಎಂದೆ.

ಪರ್ವೀನ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ಎರಡನೇ ಹಾಡಿನ ಹೊತ್ತಿಗೆ ಸುಧೀರನ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ ಎಂಬುದು ನನಗೆ ಆಗಲೂ ಕಂಡಿತ್ತು, ಆದರೆ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯುವ ಮನಸ್ಸಿರಲಿಲ್ಲ. ಆಗಲೇ ಮೆಟ್ಟಿಲ ಮೇಲೆ ಕಾಕಾನ ಹೆಜ್ಜೆ. ಬಾಗಿಲಲ್ಲಿ ನಿಂತು ಒಂದು ಕ್ಷಣ ಕಿವಿಗೊಟ್ಟ.

"ಏನ್ರಲೇ, ಅಳಸೂ ಮದ್ಲ ಗುಬ್ಬಿ ಹಚ್ಚಿರೇನು? ಕೇಳ್ರಿ, ಕಡೀ ಸಲ ಕೇಳ್ರಿ."

ಸುಧೀರ ಕಣ್ಣು ತೆರೆದ. ವೀರೇಶ ನೆಲದ ಮೇಲೆ ಬಿದ್ದು ಹೊರಳಿದ. ನಾನು ನಗಲಿಲ್ಲ. ಟೇಪ್ ನಿಲ್ಲಿಸಿ, ಮೂಲೆಯಲ್ಲಿ ಚೆಲ್ಲಿದ್ದ ಬೀಜಗಳನ್ನು ತೋರಿಸಿ, "ಆರಿಸು. ಹತ್ತು ಅದಾವು. ಕೈಲೆ ಆರಿಸು, ಕಾಲಿಲೆ ಅಲ್ಲ," ಎಂದೆ. ನಡೆದದ್ದು ತಿಳಿದ ಕಾಕಾ ನನ್ನನ್ನು ತಡೆಯಲಿಲ್ಲ. ಸುಧೀರ ಬಗ್ಗಿ ಒಂದೊಂದಾಗಿ ಆರಿಸಿ ಗುಬ್ಬಿಯ ಡಬ್ಬಿಯ ಮುಂದೆ ಇಟ್ಟ. ಹತ್ತನೆಯದು ಕಪಾಟಿನ ಕೆಳಗೆ ಹೋಗಿತ್ತು. ಅದನ್ನೂ ಬಿಡಲಿಲ್ಲ ನಾನು, ಮಲಗಿಸಿ ತೆಗೆಸಿದೆ.

ಕುರ್ಚಿಯ ಮೇಲೆ ಪ್ರವಚನ ತುಂಬಿತು. ಗುಬ್ಬಿ ಉಳಿಯಿತು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಅವನಿಗೆ 'ಘಂಟಿ' ಎಂದು ಹೆಸರಿಟ್ಟೆ. ಹಾಲಿನವನಿಂದ ಹಿಡಿದು ಬೆಂಗೇರಿಯ ಚಿಗವ್ವನ ಮಕ್ಕಳವರೆಗೆ ಎಲ್ಲರಿಗೂ ಕಥೆ ಹೇಳಿದೆ, ಹೇಳುವಾಗ ಕಣ್ಣು ಮುಚ್ಚಿ ಬೆರಳೆತ್ತಿ ತೋರಿಸಿದೆ. ಎರಡು ವಾರವಿರಲು ಬಂದವನು ಒಂಬತ್ತನೇ ದಿನವೇ ಊರಿಗೆ ಹೊರಟ. ಹೊರಡುವಾಗ ನನ್ನತ್ತ ನೋಡಲೂ ಇಲ್ಲ. ಬಸ್ಸು ಹೋದ ಮೇಲೆ ಮಾಳಿಗೆಗೆ ಬಂದು ಗುಬ್ಬಿಯ ಡಬ್ಬಿ ತೆಗೆದರೆ ಖಾಲಿ.

ನಾನು ಅತ್ತು ಕೂಗಿ ಮನೆ ಒಂದು ಮಾಡಿದೆ. ಅಪ್ಪನಿಂದ ಧಾರವಾಡಕ್ಕೆ ಫೋನ್ ಮಾಡಿಸಿದೆ. "ನನ್ನ ಮಗ ಕಳ್ಳ ಅಲ್ಲ," ಎಂದಳು ಅತ್ತೆ. ಹಾಗಾದರೆ ನನ್ನ ಮಗಳು ಸುಳ್ಳಿಯೇ ಎಂದ ಅಪ್ಪ. ಆ ವರ್ಷ ನಾಗರ ಪಂಚಮಿಗೆ ಅತ್ತೆ ತವರಿಗೆ ಬರಲಿಲ್ಲ, ಮುಂದಿನ ವರ್ಷವೂ ಇಲ್ಲ. ಆಯಿ ಉಂಡಿ ಕಟ್ಟಿ ಡಬ್ಬಿ ತುಂಬಿ, ಬಾಗಿಲು ನೋಡುತ್ತ ಕೂತಿರುತ್ತಿದ್ದಳು. ಆಗಲೂ ನನಗೆ ಪಶ್ಚಾತ್ತಾಪವಾಗಲಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ. ಧಾರವಾಡದ ದಾರಿಯಲ್ಲಿ ನವಲೂರಿನ ಹತ್ತಿರ ಬಸ್ಸಿನ ಕಿಟಕಿಯಿಂದ ಅವನು ಗುಬ್ಬಿಯನ್ನು ಗಟಾರಕ್ಕೆ ಎಸೆಯುವುದು, ರೀಲು ಬಿಚ್ಚಿ ಮುಳ್ಳುಕಂಟಿಗೆ ಸಿಕ್ಕುವುದು. ಆ ದಾರಿಯಲ್ಲಿ ಹೋದಾಗಲೆಲ್ಲ ಗಟಾರ ನೋಡುತ್ತಿದ್ದೆ. ಅವನ ಮದುವೆಗೆ ಮನೆಯವರೆಲ್ಲ ಹೋದರು, ನಾನು ಹೋಗಲಿಲ್ಲ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ನಾನು ದುಡಿಯತೊಡಗಿದ ಮೇಲೆ ಗುಬ್ಬಿಯ ಸಿಡಿ ಕೊಂಡೆ. ಹಚ್ಚಿದರೆ ಘಂಟೆಗಳೇ ಇಲ್ಲ! ಯಾವುದೋ ಬೇರೆ ಹಾಡಿನಿಂದ ಶುರುವಾಯಿತು. ಘಂಟೆಯ ಹಾಡು ನಡುವೆ ಎಲ್ಲೋ ಬಂತು. ಆಮೇಲೆ ತಿಳಿಯಿತು, ಮುಂಬೈಯಲ್ಲಿ ಕಾಕಾ ಅವಸರದಲ್ಲಿ ತಟ್ಟೆಯ ಎರಡನೇ ಬದಿಯನ್ನು ಮೊದಲು ತುಂಬಿಸಿದ್ದ. ನಾನು ಎದೆಗೆ ಹಚ್ಚಿಕೊಂಡಿದ್ದ ಆ ಕ್ರಮ ಜಗತ್ತಿನಲ್ಲಿ ಒಂದೇ ಒಂದು ಕ್ಯಾಸೆಟ್ಟಿನಲ್ಲಿತ್ತು. ಕಾಕಾನಿಗೆ ಹೇಳಿ ನಗೋಣವೆಂದರೆ ಅವನು ತೀರಿಕೊಂಡು ವರ್ಷವಾಗಿತ್ತು.

ಅದೇ ದಿನಗಳಲ್ಲಿ, ಕಚೇರಿಯ ಕಂಪ್ಯೂಟರಿನಲ್ಲಿ ಊಟದ ಬಿಡುವಿನಲ್ಲಿ, ಆ ಬ್ಯಾಂಡಿನ ಅಭಿಮಾನಿಗಳು ಸೇರುವ ಒಂದು ತಾಣ ನೋಡುತ್ತಿದ್ದೆ. ಅಲ್ಲಿ ಸದಾ ಇದೇ ಜಗಳ, ಯಾವುದು ಮೊದಲು, ಯಾವುದು ಕಡೆಗೆ. ಗುಬ್ಬಿ ಯಾವಾಗಲೂ ಆರೋ ಏಳೋ. ಒಂದು ದಿನ ಯಾರೋ ಅದನ್ನು ಮೊದಲನೆಯದಾಗಿ ಇಟ್ಟಿದ್ದ. ಕಾರಣವನ್ನೂ ಬರೆದಿದ್ದ. ಘಂಟೆಗಳಿಂದ ಶುರುವಾಗುವ ತಟ್ಟೆ ಇನ್ನೊಂದಿಲ್ಲ, ಆ ಮೊದಲ ಸದ್ದಿಗೇ ಕಣ್ಣು ತುಂಬುತ್ತದೆ ಎಂದು. ಕೆಳಗೆ ಇಂಗ್ಲೆಂಡು, ಜರ್ಮನಿಯ ಜನ ಅವನ ಮೇಲೆ ಬಿದ್ದಿದ್ದರು. ಘಂಟೆಯ ಹಾಡು ಎರಡನೇ ಬದಿಯದು, ನೀನು ಇದನ್ನು ಕೇಳಿಯೇ ಇಲ್ಲ, ಸುಮ್ಮನೆ ಎಲ್ಲೋ ಓದಿ ಬರೆದಿದ್ದೀ ಎಂದು ಹೀಯಾಳಿಸಿದ್ದರು.

ಬುತ್ತಿ ಮುಚ್ಚಿಟ್ಟು ಮತ್ತೆ ಮತ್ತೆ ಓದಿದೆ. ಮೊದಲು ಬಂದದ್ದು ಸಂತೋಷವೇ, ಸುಳ್ಳು ಯಾಕೆ ಹೇಳಲಿ. ಅಂದು ನಾನು ಕೊಟ್ಟ ಅವಮಾನವನ್ನು ಈಗ ಊರ ಮಂದಿಯಲ್ಲ, ಜಗತ್ತೇ ಕೊಡುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸಾಲು ಬರೆದೆ. "ಘಂಟಿ, ಕ್ಯಾಸೆಟ್ ಎಲ್ಲಿ?"

ನಾಲ್ಕನೇ ದಿನ ಉತ್ತರ ಬಂತು. "ಸವದು ಹೋತು, ಗಿರಿಜಾ. ವಾಕ್‌ಮನ್ನಿನ್ಯಾಗ ಕೇಳಿ ಕೇಳಿ."

ಇಷ್ಟು ವರ್ಷ ಅವನಿಗೆಂದು ಕಟ್ಟಿಟ್ಟ ಬೈಗುಳಗಳು ಒಂದು ಮೂಟೆಯಾಗುತ್ತಿದ್ದವು. ಆ ಮೂಟೆಯನ್ನು ಬಿಚ್ಚದೆ ಹಾಗೇ ಬದಿಗಿಟ್ಟೆ. ನಾನು ಗಟಾರ ನೋಡುತ್ತ ಹೋಗುತ್ತಿದ್ದ ಆ ದಾರಿಯ ಕೊನೆಯಲ್ಲಿ ಗುಬ್ಬಿ ಹಾಡುತ್ತಲೇ ಇತ್ತು. ನಡುವೆ ಇಪ್ಪತ್ತು ಕಿಲೋಮೀಟರು, ಈ ತುದಿಗೊಬ್ಬಳು, ಆ ತುದಿಗೊಬ್ಬ, ಇಬ್ಬರ ತಲೆಯಲ್ಲೂ ಅದೇ ತಪ್ಪು ಕ್ರಮ. ಮಾಳಿಗೆಯ ಆ ಕೋಣೆ ಈಗಿಲ್ಲ. ಕಾಕಾ ಇಲ್ಲ, ಪಂಚಮಿಯ ಉಂಡಿ ಹಿಡಿದು ಬಾಗಿಲು ನೋಡುತ್ತಿದ್ದ ಆಯಿ ಇಲ್ಲ. ಇದ್ದ ಒಂದು ಕ್ಯಾಸೆಟ್ಟನ್ನೂ ಅವನು ಸವೆಸಿ ಮುಗಿಸಿದ. ಕದ್ದದ್ದನ್ನು ನಾನು ಆ ಉತ್ತರ ಓದಿದ ದಿನವೇ ಕ್ಷಮಿಸಿದೆ. ಒಬ್ಬನೇ ಕೇಳಿದ್ದನ್ನು ಇನ್ನೂ ಕ್ಷಮಿಸಿಲ್ಲ.